ಶಾಲು, ಫಲಪುಷ್ಪದ ಜತೆ ಒಂದು ಸ್ಕ್ರೂಡ್ರೈವರೂ ಇರಲಿ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಮುಂಬಯಿ ಮಹಾನಗರ ಹಾಗೂ ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ಪುಸ್ತಕ ವಿತರಣೆ, ವಿದ್ಯಾರ್ಥಿವೇತನ, ಪ್ರತಿಭಾ ಪುರಸ್ಕಾರಗಳ ಸಡಗರ. ಎಸ್‌ಎಸ್‌ಸಿ, ಎಚ್‌ಎಸ್‌ಸಿ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಗಳಿಸಿದ ಮಕ್ಕಳನ್ನು ವೇದಿಕೆಗೆ ಕರೆದು, ಶಾಲು ಹೊದೆಸಿ, ಫಲಪುಷ್ಪ, ಸ್ಮರಣಿಕೆ, ನಗದು ನೀಡಿ ಗೌರವಿಸುವ ಈ ಪರಿಪಾಠ ಸ್ತುತ್ಯರ್ಹವೇ ಸರಿ. ಊರು ಬಿಟ್ಟು ಬಂದು ಹೋಟೆಲು, ಗಿರಣಿ, ಕಚೇರಿಗಳಲ್ಲಿ ದುಡಿದ ಹಿರಿಯರು ಮಕ್ಕಳ ವಿದ್ಯೆಗೆ ಕೊಟ್ಟ ಬೆಲೆ ಅದರಲ್ಲಿದೆ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಶೇ. 92 ಅಂಕ ಪಡೆದ ಮಗುವಿಗೆ ವೇದಿಕೆಯಿದೆ. ಶೇ. 58 ಪಡೆದರೂ ಮನೆಯ ಹಳೆಯ ಕಂಪ್ಯೂಟರನ್ನು ಬಿಚ್ಚಿ, ಅದು ಪದೇ ಪದೇ ಬಿಸಿಯಾಗಿ ನಿಂತುಹೋಗುವುದೇಕೆಂದು ಪತ್ತೆ ಹಚ್ಚಿ, ಸರಿಪಡಿಸಿದ ಹುಡುಗನಿಗೆ ಅಥವಾ ಹುಡುಗಿಗೆ ಏನಿದೆ? ಅದೇ ಸಭಾಗೃಹದ ಹಿಂದಿನ ಸಾಲುಗಳಲ್ಲಿ ಏಸಿ ರಿಪೇರಿ ಮಾಡುವವರು, ವಯರಿಂಗ್ ಕೆಲಸದವರು, ಪ್ಲಂಬರ್‌ಗಳು, ಲೇತ್ ಯಂತ್ರದ ಮುಂದೆ ಕೂದಲು ನರೆಸಿಕೊಂಡವರು ಕುಳಿತಿರುತ್ತಾರೆ. ಅವರು ಬಲ್ಲ ವಿದ್ಯೆಗೂ ಈ ಮಕ್ಕಳ ಕುತೂಹಲಕ್ಕೂ ಭೇಟಿ ಮಾಡಿಸುವ ಕಾರ್ಯಕ್ರಮ ಎಷ್ಟು ಸಂಘಗಳಲ್ಲಿದೆ?

ಈ ಭೇಟಿಗೆ ತಕ್ಕ ಒಂದು ನೆಪವಿದೆ. ಕೈಯಲ್ಲಿರುವ ಅಲ್ಪ ಹಣದಲ್ಲಿ, ಮನೆಯಲ್ಲೇ ತಯಾರಿಸುವ, ನೀರಿನಿಂದ ತಂಪಾಗುವ ಕಂಪ್ಯೂಟರ್. ಕೇಳಿದರೆ ಹುಡುಗಾಟ ಅನ್ನಿಸಬಹುದು. ನೀರು ಮತ್ತು ವಿದ್ಯುತ್ತನ್ನು ಒಂದೇ ಪೆಟ್ಟಿಗೆಗೆ ತರುವುದು ಜಾಣತನವೇ ಎಂದು ಹಿರಿಯರು ಹುಬ್ಬೇರಿಸಬಹುದು. ವಿಷಯವನ್ನು ಬಿಡಿಸಿ ನೋಡಿದರೆ ಅದು ಹುಡುಗಾಟವಲ್ಲ, ಸಂಘಗಳು ಕೈಗೆತ್ತಿಕೊಳ್ಳಬೇಕಾದ ಪಾಠ ಎಂಬುದು ಮನದಟ್ಟಾಗುತ್ತದೆ.

ಪೆಟ್ಟಿಗೆಯೊಳಗಿನ ಒಲೆ

ಕಂಪ್ಯೂಟರ್ ಲೆಕ್ಕ ಮಾಡುವ ಯಂತ್ರ ಎಂಬುದು ಎಲ್ಲರಿಗೂ ಗೊತ್ತು. ಅದು ಒಲೆಯೂ ಹೌದೆಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅದರ ಪ್ರೊಸೆಸರ್ 100 ವಾಟ್ ವಿದ್ಯುತ್ ಎಳೆದುಕೊಂಡರೆ ಹೆಚ್ಚುಕಡಿಮೆ 100 ವಾಟ್‌ನಷ್ಟೇ ಶಾಖವನ್ನು ಹೊರಗೆ ಬಿಡುತ್ತದೆ. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ 100 ವಾಟಿನ ಬಲ್ಬನ್ನು ಬರಿಗೈಯಲ್ಲಿ ಮುಟ್ಟಿದವರಿಗೆ ಆ ಬಿಸಿ ನೆನಪಿರಬಹುದು. ಅಷ್ಟು ಶಾಖ ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಚೂರಿನಿಂದ ಹೊರಡಬೇಕು. ಹೊರಡಲು ದಾರಿಯಿಲ್ಲದಿದ್ದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಅದಕ್ಕೂ ಮಿಕ್ಕಿದರೆ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ.

1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರಿನ ಶಾಖ 15 ವಾಟ್ ಆಸುಪಾಸಿನಲ್ಲಿತ್ತು. 2004ರ ಪೆಂಟಿಯಂ-4ರ ಕೆಲವು ಮಾದರಿಗಳು 115 ವಾಟ್ ಮುಟ್ಟಿದವು. 2022ರಲ್ಲಿ ಬಂದ ಇಂಟೆಲ್ ಕೋರ್ ಐ9-13900ಕೆ ಪ್ರೊಸೆಸರಿಗೆ ಪೂರ್ಣ ವೇಗದಲ್ಲಿ ಕಂಪೆನಿಯೇ ಹಾಕಿಕೊಟ್ಟ ಮಿತಿ 253 ವಾಟ್. ಹೀಗೆ ಬಿಸಿ ಏರಿದಂತೆಲ್ಲ ಫ್ಯಾನುಗಳು ದೊಡ್ಡದಾದವು, ಅವುಗಳ ಗುಂಯ್‌ಗುಡುವಿಕೆಯೂ ಏರಿತು.

ನೀರಿನಿಂದ ತಂಪು ಮಾಡುವ ಉಪಾಯ ಹುಡುಗರು ಕಂಡುಹಿಡಿದದ್ದಲ್ಲ. ಐಬಿಎಂ ಕಂಪೆನಿ 1980ರಲ್ಲಿ ಪ್ರಕಟಿಸಿದ 3081 ಎಂಬ ದೊಡ್ಡ ಕಂಪ್ಯೂಟರಿನ ಒಳಭಾಗ ನೀರಿನಿಂದಲೇ ತಂಪಾಗುತ್ತಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಬಿಡಿಭಾಗಗಳಂತೂ ವಿದ್ಯುತ್ ಹರಿಯಗೊಡದ ಒಂದು ದ್ರವದಲ್ಲಿ ಪೂರ್ತಿ ಮುಳುಗಿದ್ದವು. 2004ರಲ್ಲಿ ಆಪಲ್ ಕಂಪೆನಿ ತನ್ನ ಪವರ್ ಮ್ಯಾಕ್ ಜಿ5ರ ಅತಿ ವೇಗದ ಮಾದರಿಗೆ ದ್ರವದ ತಂಪನ್ನೇ ಅಳವಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಕಾರ್ಯಾರಂಭ ಮಾಡಿದ ಸಹಸ್ರಟಿ ಎಂಬ ಸೂಪರ್ ಕಂಪ್ಯೂಟರ್ ಕೂಡ ನೀರಿನ ತಂಪನ್ನೇ ನಂಬಿದ ಕ್ರೇ ಎಕ್ಸ್‌ಸಿ40 ಮಾದರಿಯದು. ಅಷ್ಟು ದೊಡ್ಡವರು ಮಾಡಿದ್ದನ್ನು ಡೊಂಬಿವಲಿಯ ಡಿಪ್ಲೊಮಾ ಹುಡುಗನೊಬ್ಬ ಮನೆಯಲ್ಲಿ ಸಣ್ಣದಾಗಿ ಮಾಡಿ ನೋಡುವುದರಲ್ಲಿ ತಪ್ಪೇನಿದೆ?

ಅಡುಗೆಮನೆ ಬಲ್ಲ ಗುಟ್ಟು

ನೀರೇ ಏಕೆ ಎಂಬುದಕ್ಕೆ ಉತ್ತರ ಯಾವುದೇ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಸಿಗುತ್ತದೆ. ಕುದಿಸಿದ ಹಾಲು ಬೇಗ ಆರಬೇಕಿದ್ದರೆ ಭಟ್ಟರು ಪಾತ್ರೆಯನ್ನು ಫ್ಯಾನಿನ ಕೆಳಗಿಟ್ಟು ಕಾಯುವುದಿಲ್ಲ. ತಣ್ಣೀರು ತುಂಬಿದ ಅಗಲ ಪಾತ್ರೆಯಲ್ಲಿ ಅದನ್ನು ಇಳಿಸುತ್ತಾರೆ. ಒಂದೇ ಅಳತೆಯ ಗಾಳಿ ಮತ್ತು ನೀರನ್ನು ಹೋಲಿಸಿದರೆ ಅಷ್ಟೇ ಬಿಸಿಯೇರಲು ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖವನ್ನು ನುಂಗುತ್ತದೆ.

ಲೆಕ್ಕ ಶಾಲೆಯ ಪುಸ್ತಕದ್ದೇ. 100 ವಾಟಿನ ಶಾಖ ಒಂದು ಲೀಟರ್ ನಿಂತ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 42 ಸೆಕೆಂಡು ಬೇಕು. ಹತ್ತು ಲೀಟರಿನ ಬಾಲ್ದಿಯಾದರೆ ಏಳು ನಿಮಿಷ. ಅಂದರೆ ಒಂದು ಬಾಲ್ದಿ ನೀರನ್ನು ಸುಮ್ಮನೆ ಸುತ್ತಿಸಿದರೂ ಒಂದು ಗಂಟೆಯಲ್ಲಿ ಅದು ಎಂಟೊಂಬತ್ತು ಡಿಗ್ರಿಯಷ್ಟೇ ಏರುತ್ತದೆ. ದಿನವಿಡೀ ನಡೆಯಬೇಕಿದ್ದರೆ ಮಾತ್ರ ಆ ನೀರಿನ ಬಿಸಿಯನ್ನು ಗಾಳಿಗೆ ಬಿಟ್ಟುಕೊಡಲು ಕಾರಿನಲ್ಲಿರುವಂತಹ ರೇಡಿಯೇಟರ್ ಬೇಕು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಸಾಕು, 100 ವಾಟ್ ಶಾಖವನ್ನು ಹೊತ್ತುಕೊಂಡು ಹೊರಬರುವ ನೀರು ಒಳಹೋದ ನೀರಿಗಿಂತ ಒಂದೂವರೆ ಡಿಗ್ರಿಯಷ್ಟೂ ಹೆಚ್ಚು ಬಿಸಿಯಿರುವುದಿಲ್ಲ.

ಹೀಗಾಗಿ ಇಡೀ ವ್ಯವಸ್ಥೆಗೆ ಬೇಕಾದದ್ದು ನಾಲ್ಕೇ ಅಂಗ. ಪ್ರೊಸೆಸರಿನ ಬೆನ್ನಿಗೆ ಕೂರುವ ಟೊಳ್ಳು ಲೋಹದ ತುಂಡು, ನೀರು ತಳ್ಳುವ ಪಂಪು, ಬಿಸಿ ಬಿಡುವ ರೇಡಿಯೇಟರ್, ಇವನ್ನು ಜೋಡಿಸುವ ಕೊಳವೆ. ಒಂಬತ್ತನೆಯ ತರಗತಿಯ ವಿಜ್ಞಾನ ಬಲ್ಲ ಮಗುವಿಗೆ ಇದು ಅರ್ಥವಾಗದ್ದಲ್ಲ.

ಮುಂಬಯಿಯಲ್ಲಿ ಎಲ್ಲಿ, ಎಷ್ಟಕ್ಕೆ?

ಕಂಪೆನಿಗಳು ಸಿದ್ಧಪಡಿಸಿ ಮಾರುವ ಮುಚ್ಚಿದ ನೀರಿನ ಕೂಲರಿಗೆ ಸಾಮಾನ್ಯವಾಗಿ ಐದಾರು ಸಾವಿರ ರೂಪಾಯಿ ಮೇಲ್ಪಟ್ಟು ಬೇಕು. ಬಿಡಿಬಿಡಿಯಾಗಿ ದುಬಾರಿ ಭಾಗಗಳನ್ನು ತರಿಸಿ ಜೋಡಿಸುವವರು ಇಪ್ಪತ್ತೈದು ಸಾವಿರ ದಾಟುವುದೂ ಇದೆ. ಬಿಗಿ ಬಜೆಟ್ಟಿನವರ ದಾರಿ ಬೇರೆ. ಈ ವಿಷಯದಲ್ಲಿ ಮುಂಬಯಿಯವರಷ್ಟು ಅದೃಷ್ಟವಂತರು ಕಡಿಮೆ.

ಗ್ರ್ಯಾಂಟ್ ರೋಡ್ ನಿಲ್ದಾಣದಿಂದ ನಡೆದೇ ಹೋಗಬಹುದಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಪ್ರೊಸೆಸರಿಗೆ ಹಚ್ಚುವ ಪೇಸ್ಟು, 12 ವೋಲ್ಟಿನ ಫ್ಯಾನು ಮುಂತಾದ ಸಾಮಾನುಗಳು ಸಿಗುತ್ತವೆ. ಪಾಯಧುನಿಯ ತಾಂಬಾಕಾಂಟಾದ ಹೆಸರಿನಲ್ಲೇ ತಾಮ್ರವಿದೆ. 50 ಮಿ.ಮೀ. ಉದ್ದಗಲ, 10 ಮಿ.ಮೀ. ದಪ್ಪದ ತಾಮ್ರದ ತುಂಡು ತೂಗುವುದು ಸುಮಾರು 225 ಗ್ರಾಂ. ತೂಕದ ಲೆಕ್ಕದಲ್ಲಿ ಕೊಂಡರೆ ಅದು ಹೊರೆಯಲ್ಲ. ಕ್ರಾಫರ್ಡ್ ಮಾರ್ಕೆಟಿನ ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಚಿಕ್ಕ ಪಂಪುಗಳಿವೆ. ಬೇಸಗೆಯ ಕೂಲರಿಗೆ ಹಾಕುವ 18 ವಾಟಿನ ಪಂಪು ಎರಡು-ಮೂರು ನೂರು ರೂಪಾಯಿಗೂ ಸಿಗುತ್ತದೆ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪೇ ಇಲ್ಲಿ ಕೊಳವೆ. ಬ್ಯಾಟರಿಗೆ ತುಂಬುವ ಶುದ್ಧೀಕರಿಸಿದ ನೀರೇ ಇಲ್ಲಿ ತಂಪುದ್ರವ.

ಉಳಿದದ್ದು ರೇಡಿಯೇಟರ್. ಕುರ್ಲಾದ ಗುಜರಿ ಅಂಗಡಿಗಳಲ್ಲಿ ಹಳೆಯ ಕಾರುಗಳ ಹೀಟರಿನ ಚಿಕ್ಕ ರೇಡಿಯೇಟರ್ ಹುಡುಕಬಹುದು. ಅದಕ್ಕಿಂತ ಸುಲಭವಾದದ್ದು ಕಿಟಕಿ ಏಸಿಯಿಂದ ಬಿಚ್ಚಿದ ಕಾಯಿಲು. ಏಸಿ ರಿಪೇರಿಯವರು ಗ್ಯಾಸನ್ನು ಕ್ರಮವಾಗಿ ತೆಗೆದು ಬೇರ್ಪಡಿಸಿದ ಕಾಯಿಲೇ ಆಗಬೇಕು. ಗ್ಯಾಸ್ ತುಂಬಿದ್ದನ್ನು ಮಕ್ಕಳು ಕತ್ತರಿಸಕೂಡದು. ತಾಮ್ರದ ತುಂಡಿನೊಳಗೆ ಸಾಲಾಗಿ ರಂಧ್ರ ಕೊರೆದು, ಅವನ್ನು ಒಂದಕ್ಕೊಂದು ಕೂಡಿಸಿ, ಬೇಡದ ಬಾಯಿ ಮುಚ್ಚಿ, ನೀರು ಒಳಹೋಗಲು-ಹೊರಬರಲು ಎರಡು ನಳಿಗೆ ಬೆಸೆಯುವ ಕೆಲಸ ಲೇತ್ ಅಂಗಡಿಯವರಿಗೂ ಏಸಿ ರಿಪೇರಿಯವರಿಗೂ ಅರ್ಧ ದಿನದ್ದು. ಪ್ರೊಸೆಸರಿಗೆ ತಾಗುವ ಮುಖವನ್ನು ದಪ್ಪ ಗಾಜಿನ ಮೇಲೆ ನೀರಿನ ಉಜ್ಜುಕಾಗದ ಹರಡಿ, ಒರಟಿನಿಂದ ನಯಕ್ಕೆ ಹೋಗುತ್ತ ಉಜ್ಜಿ ಮಟ್ಟ ಮಾಡುವುದು ಹುಡುಗರ ಪಾಲಿನ ಕೆಲಸ. ಅದಕ್ಕೆ ಬೇಕಾದದ್ದು ಹಣವಲ್ಲ, ತಾಳ್ಮೆ.

ಎಲ್ಲವನ್ನೂ ಹೊಂದಿಸಿ, ಚೌಕಾಶಿ ಮಾಡಿ ಕೊಂಡರೆ ಖರ್ಚು ಸುಮಾರು ಮೂರರಿಂದ ಮೂರೂವರೆ ಸಾವಿರ ರೂಪಾಯಿಗಳಲ್ಲಿ ಮುಗಿಯುವಂಥದ್ದು. ಗುಜರಿಯಲ್ಲಿ ಅದೃಷ್ಟ ಕೈಹಿಡಿದರೆ ಇನ್ನೂ ಕಡಿಮೆ.

ಜಿಪುಣತನ ಸಲ್ಲದ ಜಾಗಗಳು

ಹಣ ಉಳಿಸುವುದು ಒಂದು, ಜೀವದ ಜತೆ ಜೂಜಾಡುವುದು ಇನ್ನೊಂದು. ಕೂಲರಿನ ಅಗ್ಗದ ಪಂಪು ಮನೆಯ ವಿದ್ಯುತ್ತಿನಿಂದಲೇ ನಡೆಯುವಂಥದ್ದು, ನೀರಿನಲ್ಲಿ ಮುಳುಗಿರುವಂಥದ್ದು. ಅದರ ಕವಚ ಬಿರುಕುಬಿಟ್ಟರೆ ಬಾಲ್ದಿಯ ನೀರಿಗೇ ವಿದ್ಯುತ್ ಹರಿಯುತ್ತದೆ. ಆದ್ದರಿಂದ ಮಕ್ಕಳ ಕೈಗೆ 12 ವೋಲ್ಟಿನ ಪಂಪೇ ಲೇಸು. ಬೆಲೆ ತುಸು ಹೆಚ್ಚಾದರೂ ಕೊಡಬೇಕು. ಮನೆಯ ಪ್ಲಗ್ಗಿಗೆ ಸರಿಯಾದ ಅರ್ಥಿಂಗ್ ಇದೆಯೇ, 30 ಮಿಲಿಆಂಪಿಯರ್ ಸೋರಿಕೆಗೇ ಸಂಪರ್ಕ ಕಡಿಯುವ ಸ್ವಿಚ್ ಇದೆಯೇ ಎಂದು ಬಲ್ಲವರಿಂದ ನೋಡಿಸಬೇಕು. ಹಳೆಯ ಚಾಳುಗಳಲ್ಲಂತೂ ಕಂಪ್ಯೂಟರ್ ಇರಲಿ ಬಿಡಲಿ, ಈ ತಪಾಸಣೆ ಆಗಲೇಬೇಕಾದ್ದು.

ಎರಡನೆಯದು ಲೋಹಗಳ ಬೆರಕೆ. ಒಂದೇ ನೀರು ತಾಮ್ರವನ್ನೂ ಅಲ್ಯೂಮಿನಿಯಮನ್ನೂ ಮುಟ್ಟುತ್ತ ಸುತ್ತಿದರೆ ಅಲ್ಯೂಮಿನಿಯಂ ಮೆಲ್ಲಗೆ ಸವೆದು ತೂತಾಗುತ್ತದೆ. ಅಂತರ್ಜಾಲದ ಮಳಿಗೆಗಳಲ್ಲಿ ಸಿಗುವ ಅಗ್ಗದ ಅಲ್ಯೂಮಿನಿಯಂ ತುಂಡಿಗೆ ತಾಮ್ರದ ಕಾಯಿಲು ಜೋಡಿಸಬಾರದು. ನೀರು ಮುಟ್ಟುವ ಜಾಗವೆಲ್ಲ ತಾಮ್ರ-ಹಿತ್ತಾಳೆ ಇರಲಿ, ಇಲ್ಲವೇ ಎಲ್ಲವೂ ಅಲ್ಯೂಮಿನಿಯಂ ಇರಲಿ. ಏಸಿ ಕಾಯಿಲಿನ ರೆಕ್ಕೆಗಳು ಅಲ್ಯೂಮಿನಿಯಮಿನವಾದರೂ ಒಳಗಿನ ಕೊಳವೆ ತಾಮ್ರದ್ದಾಗಿದ್ದರೆ ತೊಂದರೆಯಿಲ್ಲ, ಏಕೆಂದರೆ ನೀರು ಹರಿಯುವುದು ಕೊಳವೆಯಲ್ಲಿ.

ಮೂರನೆಯದು ಸೋರಿಕೆಯ ಪರೀಕ್ಷೆ. ಕಂಪ್ಯೂಟರಿಗೆ ವಿದ್ಯುತ್ ಕೊಡದೆ, ಪಂಪನ್ನಷ್ಟೇ 24 ಗಂಟೆ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಕಾಗದ ಹಾಸಿ, ಒಂದು ಹನಿಯ ಕಲೆಯೂ ಬೀಳಲಿಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಹೆಜ್ಜೆ. ಶುದ್ಧ ನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡದೆಂಬ ಧೈರ್ಯ ಬೇಡ. ಧೂಳು, ಲೋಹದ ಅಂಶ ಸೇರಿದ ನೀರು ಶುದ್ಧವಾಗಿ ಉಳಿಯುವುದಿಲ್ಲ. ಪಂಪು ಮತ್ತು ಕಂಪ್ಯೂಟರ್ ಎರಡೂ ಒಂದೇ ಸ್ವಿಚ್ಚಿನಿಂದ ಶುರುವಾಗುವಂತಿದ್ದರೆ ಪಂಪು ಹಾಕಲು ಮರೆತೆನೆಂಬ ಮಾತೇ ಬರುವುದಿಲ್ಲ.

ಇನ್ನೆರಡು ಎಚ್ಚರಿಕೆಗಳು ಮುಂಬಯಿಗೇ ಮೀಸಲು. ಹೆಚ್ಚು ತಂಪಾಗಲೆಂದು ನೀರಿಗೆ ಐಸ್ ಹಾಕುವ ಹುರುಪು ಬೇಡ. ಮೇ ತಿಂಗಳಲ್ಲಿ ತಣ್ಣೀರಿನ ಲೋಟ ಹೊರಮೈಯೆಲ್ಲ ಬೆವರುವಂತೆ ಆ ತಾಮ್ರದ ತುಂಡೂ ಕೊಳವೆಯೂ ಬೆವರಿ ಮದರ್‌ಬೋರ್ಡಿನ ಮೇಲೆ ಹನಿಯುತ್ತವೆ. ರೇಡಿಯೇಟರ್ ಮಾತ್ರ ಬಳಸಿದರೆ ನೀರು ಕೋಣೆಯ ಗಾಳಿಗಿಂತ ತಂಪಾಗುವುದಿಲ್ಲ, ಆದ್ದರಿಂದ ಬೆವರುವ ಭಯವೂ ಇಲ್ಲ. ಇನ್ನು ಬಾಲ್ದಿಗೆ ಬಿಗಿಯಾದ ಮುಚ್ಚಳ ಇರಲೇಬೇಕು. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ಶುದ್ಧ ನೀರಿನಲ್ಲೇ. ಮಳೆಗಾಲದಲ್ಲಿ ಮನೆ ಮನೆಗೆ ಬಂದು ತಪಾಸಣೆ ಮಾಡುವ ಪಾಲಿಕೆಯ ಸಿಬಂದಿಗೆ ಇದು ವಿಜ್ಞಾನದ ಪ್ರಯೋಗ ಎಂದರೆ ಅವರು ಒಪ್ಪಲಾರರು, ಒಪ್ಪಬಾರದು ಕೂಡ.

ಇದರಿಂದ ಲಾಭವೇನು?

ಲೆಕ್ಕಾಚಾರದ ಮಾತಾದರೆ ಲೆಕ್ಕವನ್ನು ಪ್ರಾಮಾಣಿಕವಾಗಿಯೇ ಮಾಡಬೇಕು. ಒಂದೂವರೆಯಿಂದ ಎರಡೂವರೆ ಸಾವಿರಕ್ಕೆ ಸಿಗುವ ಒಳ್ಳೆಯ ಗಾಳಿಯ ಕೂಲರ್ ಸಾಧಾರಣ ಪ್ರೊಸೆಸರಿಗೆ ಧಾರಾಳ ಸಾಕು. ಅದಕ್ಕೆ ಸೋರಿಕೆಯ ಭಯವಿಲ್ಲ, ಪಂಪು ಕೆಡುವ ಚಿಂತೆಯಿಲ್ಲ. 65 ವಾಟಿನ ಪ್ರೊಸೆಸರಿನಲ್ಲಿ ಟ್ಯಾಲಿ ಕಲಿಯುವ ಮಗುವಿಗೆ ನೀರಿನ ತಂಪು ಬೇಕೆನ್ನುವುದು ದುಂದುವೆಚ್ಚ. ಹಣ ಉಳಿಸಲೆಂದೇ ಯಾರಾದರೂ ಇದಕ್ಕೆ ಕೈಹಾಕಿದರೆ ನಿರಾಶೆ ಖಂಡಿತ.

ಆದರೆ ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ಎರಡು ನಿಜವಾದ ಪ್ರಯೋಜನಗಳಿವೆ. ಹೋಟೆಲಿನ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬಂದು ಮಲಗುವ ತಂದೆಯ ತಲೆದಿಂಬಿನ ಪಕ್ಕದಲ್ಲೇ ಮಗನೋ ಮಗಳೋ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕಾಗುತ್ತದೆ. ಅಲ್ಲಿ ಫ್ಯಾನಿನ ಸದ್ದು ಸಣ್ಣ ಸಂಗತಿಯಲ್ಲ. ದೊಡ್ಡ ರೇಡಿಯೇಟರಿಗೆ ನಿಧಾನವಾಗಿ ತಿರುಗುವ ಫ್ಯಾನುಗಳೇ ಸಾಕಾಗುವುದರಿಂದ ಸದ್ದು ಇಳಿಯುತ್ತದೆ. ಇನ್ನೊಂದು, ಗಾಳಿಯ ಕೂಲರ್ ಶಾಖವನ್ನು ಪ್ರೊಸೆಸರಿನಿಂದ ಕಿತ್ತು ಅದೇ ಕೋಣೆಗೆ ಬಿಡುತ್ತದೆ. ನೀರಿನ ಕೊಳವೆಯನ್ನು ನಾಲ್ಕು ಅಡಿ ಉದ್ದ ಮಾಡಿದರೆ ರೇಡಿಯೇಟರನ್ನು ಗ್ಯಾಲರಿಯಲ್ಲೋ ಕಿಟಕಿಯಾಚೆಯ ನೆರಳಿನಲ್ಲೋ ಇರಿಸಿ, ಅಷ್ಟು ಬಿಸಿಯನ್ನು ಮನೆಯಿಂದ ಹೊರಗೇ ಕಳುಹಿಸಬಹುದು. ಹತ್ತಡಿ ಅಗಲದ ಕೋಣೆಯಲ್ಲಿ ಬೇಸಗೆ ಕಳೆದವರಿಗೆ ಇದರ ಬೆಲೆ ಗೊತ್ತು.

ಮೂರನೆಯ ಲಾಭ ಇವೆರಡಕ್ಕಿಂತ ದೊಡ್ಡದು. ಅಂಕಪಟ್ಟಿಯಲ್ಲಿ ಕಾಣದ ಎಷ್ಟೋ ಪಾಠಗಳು ಈ ಒಂದು ಕೆಲಸದಲ್ಲಿವೆ. ವಾಟ್, ಡಿಗ್ರಿ, ಲೀಟರುಗಳು ಪುಸ್ತಕದಿಂದ ಇಳಿದು ಕೈಗೆ ಸಿಗುತ್ತವೆ. ತಪ್ಪಿದರೆ ನೀರು ಸೋರುತ್ತದೆ. ಅಲ್ಲಿ ಬಾಯಿಪಾಠಕ್ಕೆ ಬೆಲೆಯಿಲ್ಲ. ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಗುಜರಿಯಿಂದ ತರಬಹುದೆಂಬ ವಿವೇಕ ಬರುತ್ತದೆ. ಕಡಿಮೆ ಹಣವೇ ಇಲ್ಲಿ ಗುರು. ಎಲ್ಲವನ್ನೂ ಸಿದ್ಧವಾಗಿ ಕೊಂಡು ತಂದವನಿಗೆ ಈ ಲೆಕ್ಕ ಮಾಡುವ ಪ್ರಮೇಯವೇ ಬಾರದು.

ಇದರಿಂದ ಮಾರ್ಕು ಬರುತ್ತದೆಯೇ ಎಂದು ಪಾಲಕರು ಕೇಳುವುದು ಸಹಜ. ಬರಲಿಕ್ಕಿಲ್ಲ. ಆದರೆ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತು ಈ ನಗರದಲ್ಲಿ ಬಾಳು ಕಟ್ಟಿಕೊಂಡವರ ಮಕ್ಕಳು, ಮೊಮ್ಮಕ್ಕಳು ಇವರು. ಕೈಗೆಲಸವೂ ಓದೂ ಒಂದರ ಪಕ್ಕ ಒಂದು ನಡೆಯಬಲ್ಲವು ಎಂಬುದನ್ನು ಆ ತಲೆಮಾರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳು ಆಫೀಸರಾಗಲಿ ಎಂಬ ಹಂಬಲದಲ್ಲಿ ಕೈಗೆಲಸವನ್ನು ಮನೆಯಿಂದ ಹೊರಗಿಟ್ಟವರು ಆಮೇಲಿನವರು.

ಸಂಘಗಳು ಮಾಡಬೇಕಾದದ್ದು

ಇದಕ್ಕೆ ಲಕ್ಷಗಟ್ಟಲೆ ದೇಣಿಗೆ ಬೇಡ. ಸಂಘದ ಕಚೇರಿಯಲ್ಲಿ ಒಂದು ಕಪಾಟು, ಅದರಲ್ಲಿ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಬೆಸುಗೆ ಕಡ್ಡಿ, ಕೈ ಡ್ರಿಲ್, ಒಂದು ಥರ್ಮಾಮೀಟರ್. ತಿಂಗಳಿಗೆ ಎರಡು ಭಾನುವಾರ ಸಭಾಗೃಹದ ಒಂದು ಮೂಲೆ. ಇಷ್ಟು ಸಾಕು.

ಹಳೆಯ ಕಂಪ್ಯೂಟರುಗಳಿಗೂ ಕೊರತೆಯಿಲ್ಲ. ವಿಂಡೋಸ್-10ಕ್ಕೆ ಕಂಪೆನಿ ನೀಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದ ಮೇಲೆ ಗಟ್ಟಿಮುಟ್ಟಾದ ಯಂತ್ರಗಳೂ ಅನೇಕ ಕಚೇರಿಗಳಲ್ಲಿ ಮೂಲೆ ಸೇರುವಂತಾಗಿದೆ. ಸಂಘದ ಸದಸ್ಯರಲ್ಲಿ ಉದ್ಯಮಿಗಳಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಹೋಟೆಲು ಮಾಲಕರಿದ್ದಾರೆ. ಅವರು ಗುಜರಿಗೆ ಹಾಕುವ ಮುನ್ನ ಸಂಘದ ಕಡೆ ಒಮ್ಮೆ ನೋಡಿದರೆ ಪ್ರಯೋಗಕ್ಕೆ ಯಂತ್ರಗಳು ಸಿದ್ಧ. ಕೈತಪ್ಪಿ ಒಂದು ಕೆಟ್ಟರೂ ನಷ್ಟವಿಲ್ಲದ ಯಂತ್ರದಲ್ಲೇ ಮೊದಲ ಪಾಠ ಆಗಬೇಕು. ಮನೆಯ ಏಕೈಕ ಕಂಪ್ಯೂಟರನ್ನು ಪಣಕ್ಕಿಡುವುದು ಬೇಡ.

ಪಾಠ ಹೇಳುವವರನ್ನು ಹೊರಗಿನಿಂದ ಕರೆಸಬೇಕಾಗಿಯೂ ಇಲ್ಲ. ಕಾಯಿಲು ಬೆಸೆಯುವುದನ್ನು ತೋರಿಸಲು ಏಸಿ ರಿಪೇರಿಯ ಸದಸ್ಯರು, ಅರ್ಥಿಂಗ್ ಎಂದರೇನೆಂದು ವಿವರಿಸಲು ವಯರಿಂಗ್ ಬಲ್ಲವರು, ಜೋಡಣೆ ಸೋರದಂತೆ ಬಿಗಿಯುವುದಕ್ಕೆ ಪ್ಲಂಬರ್. ಸಾಫ್ಟ್‌ವೇರ್ ಕಂಪೆನಿಗಳಲ್ಲಿರುವ ಯುವಕ-ಯುವತಿಯರು ಉಷ್ಣತೆಯ ಅಂಕಿಗಳನ್ನು ಪರದೆಯ ಮೇಲೆ ಓದುವುದನ್ನು, ಉಚಿತ ಲಿನಕ್ಸ್ ಹಾಕುವುದನ್ನು, ಅದರಲ್ಲಿ ಕನ್ನಡ ಟೈಪಿಸುವುದನ್ನು ಕಲಿಸಲಿ. ಇಂತಹ ಭಾನುವಾರಗಳಲ್ಲಿ ಮೂರನೆಯ ತಲೆಮಾರಿನ ಮಕ್ಕಳ ಕಿವಿಗೆ ಭಾಷಣದ ಕನ್ನಡವಲ್ಲದ, ಕೆಲಸದ ಕನ್ನಡ ಬೀಳುತ್ತದೆ. ‘ಅದನ್ನು ಇನ್ನೊಂದು ಸುತ್ತು ಬಿಗಿ ಮಾಡು ಮಗಾ’ ಎಂಬ ಮಾತಿನಲ್ಲಿ ಭಾಷೆಯೂ ಉಳಿಯುತ್ತದೆ, ಜೋಡಣೆಯೂ ಉಳಿಯುತ್ತದೆ.

ಮೂರು ಸಾವಿರದ ಐನೂರು ರೂಪಾಯಿ ಮಿತಿಯಿಟ್ಟು ಒಂದು ಸ್ಪರ್ಧೆಯನ್ನೂ ಏರ್ಪಡಿಸಬಹುದು. ನಿಯಮಗಳು ಸರಳವಾಗಿರಲಿ. ಹುಡುಗ-ಹುಡುಗಿಯರು ಜತೆಯಾಗಿರುವ ತಂಡ. ಪ್ರತಿ ಖರ್ಚಿಗೂ ಚೀಟಿ. ಒಂದು ವಾರ ಕಾಲ ಕೋಣೆಯ, ನೀರಿನ, ಪ್ರೊಸೆಸರಿನ ಉಷ್ಣತೆ ಬರೆದಿಟ್ಟ ಪುಸ್ತಕ. ಹಿರಿಯ ಎಲೆಕ್ಟ್ರಿಷಿಯನ್ ಒಪ್ಪಿ ಸಹಿ ಹಾಕದೆ ಯಾವ ಯಂತ್ರಕ್ಕೂ ವಿದ್ಯುತ್ ಇಲ್ಲ. ಬಹುಮಾನ ಅತಿ ತಂಪಾದ ಯಂತ್ರಕ್ಕಲ್ಲ, ಅತಿ ಪ್ರಾಮಾಣಿಕವಾದ ಪುಸ್ತಕಕ್ಕೆ ಸಲ್ಲಲಿ. ಸೋರಿದ್ದನ್ನು ಸೋರಿತೆಂದೇ ಬರೆದ ತಂಡ ಗೆದ್ದರೆ ಸ್ಪರ್ಧೆಯ ಉದ್ದೇಶ ಸಾರ್ಥಕ.

ವೇದಿಕೆ, ಹಾರ, ಭಾಷಣ ಯಾವುದನ್ನೂ ಬಿಡಬೇಕಾಗಿಲ್ಲ. ಮುಂದಿನ ವಾರ್ಷಿಕೋತ್ಸವದಲ್ಲಿ ಶೇ. 92ರ ಮಗುವಿಗೆ ಶಾಲು ಹೊದೆಸಿದ ಮೇಲೆ, ತಾಮ್ರದ ತುಂಡು ಉಜ್ಜಿ ಉಜ್ಜಿ ಬೆರಳು ಕಪ್ಪಾದ ಮಗುವನ್ನೂ, ಅದಕ್ಕೆ ಬೆಸುಗೆ ಕಲಿಸಿದ ಹಿಂದಿನ ಸಾಲಿನ ಏಸಿ ರಿಪೇರಿಯವರನ್ನೂ ಜತೆಯಾಗಿ ವೇದಿಕೆಗೆ ಕರೆಯುವ ಮನಸ್ಸನ್ನು ಪದಾಧಿಕಾರಿಗಳು ಮಾಡಬೇಕು. ಆ ಚಪ್ಪಾಳೆ ಬಹಳ ಕಾಲದಿಂದ ಬಾಕಿಯಿದೆ.